ಬೀಗ ತೆಗೆಯುವ ಆಟ: ಕೈಚಳಕ ಯಾರದ್ದು, ಮನೆ ಯಾರದ್ದು?



ನಮ್ಮ ಈ ಪತ್ರಿಕೆಯಲ್ಲಿ ನಾಟಕ, ಚಲನಚಿತ್ರ, ಪುಸ್ತಕ, ಸಂಗೀತ ಕಚೇರಿಗಳ ವಿಮರ್ಶೆಗಳು ಬಂದಿವೆ. ಒಮ್ಮೆ ರಾಜ್ಯೋತ್ಸವದ ಬಿಸಿಬೇಳೆಬಾತಿನ ವಿಮರ್ಶೆಯೂ ಬಂದು, ಅಡುಗೆ ಸಮಿತಿಯವರು ಮುನಿಸಿಕೊಂಡದ್ದು ಉಂಟು. ಆದರೆ ನಮ್ಮ ಮಕ್ಕಳು ದಿನನಿತ್ಯ ಆಡುವ ವಿಡಿಯೋ ಗೇಮುಗಳ ಬಗ್ಗೆ ಯಾರೂ ಬರೆದ ನೆನಪು ನನಗಿಲ್ಲ. “ಕಣ್ಣು ಹಾಳು, ಓದು ಹಾಳು” ಎಂದು ಎರಡೇ ಮಾತಿನಲ್ಲಿ ವಿಮರ್ಶೆ ಮುಗಿಸಿಬಿಡುತ್ತೇವೆ. ನಾನೂ ಅದೇ ಪಂಗಡಕ್ಕೆ ಸೇರಿದವನು. ಈ ಲೇಖನ ಬರೆಯುವಂತೆ ಮಾಡಿದ್ದು ಕಳೆದ ಬೇಸಿಗೆಯ ಒಂದು ಸಂಜೆ.

ಇಂಟರ್‌ನ್ಯಾಷನಲ್ ಸಿಟಿಯ ಕ್ಲಸ್ಟರುಗಳು ನಿಮಗೆಲ್ಲ ಗೊತ್ತಿರುವುದೇ. ಪಾಸ್‌ಪೋರ್ಟ್ ಇಲ್ಲದೆ ಇಟಲಿಯಿಂದ ಮೊರಾಕೋಗೆ, ಗ್ರೀಸಿನಿಂದ ರಷ್ಯಾಕ್ಕೆ ನಡೆದು ಹೋಗಬಹುದು ಎಂಬುದು ನಮ್ಮ ಹಳೆಯ ತಮಾಷೆ. ನಾವಿರುವುದು ಪರ್ಷಿಯಾದಲ್ಲಿ. ಆ ಸಂಜೆ ಡ್ರ್ಯಾಗನ್ ಮಾರ್ಟಿಗೆಂದು ಮೂವರೂ ಹೊರಟು, ನಾನು ಬಾಗಿಲು ಎಳೆದುಕೊಂಡೆ. ಬೀಗದ ಕೈ ಒಳಗೆ ಊಟದ ಮೇಜಿನ ಮೇಲೆಯೇ ಉಳಿಯಿತು. ಪರ್ಸೂ ಅಲ್ಲೇ. ವಾಚ್‌ಮನ್ ಫೋನ್ ಮಾಡಿ ಬೀಗದವನೊಬ್ಬನನ್ನು ಕರೆಸಿದ. ಬಿಳಿ ಗಡ್ಡದ ಹಿರಿಯ ಮನುಷ್ಯ, ಕೈಯಲ್ಲಿ ಹಳೆಯ ಚೀಲ. ಬಂದವನು ಬಾಗಿಲಿನ ಕಡೆ ನೋಡಲೇ ಇಲ್ಲ. ನಮ್ಮ ಮೂವರ ಮುಖವನ್ನೂ ನೋಡಿ, “ಮನೆ ಯಾರದ್ದು?” ಎಂದು ಹಿಂದಿಯಲ್ಲಿ ಕೇಳಿದ. ಗುರುತಿನ ಚೀಟಿ ಒಳಗಿದೆ ಎಂದರೆ ಒಪ್ಪಲಿಲ್ಲ. ಕೊನೆಗೆ ಬಾಡಿಗೆ ಕರಾರಿನ ಫೋಟೋವನ್ನು ಮೊಬೈಲಿನಲ್ಲಿ ಹುಡುಕಿ ತೋರಿಸಿ, ವಾಚ್‌ಮನ್ನನೂ ಸಾಕ್ಷಿ ಹೇಳಿದ ಮೇಲೆಯೇ ಅವನು ಚೀಲ ಬಿಚ್ಚಿದ್ದು. ಕೆಲಸ ನಮಗೆ ಕಾಣದಂತೆ ಬೆನ್ನು ಅಡ್ಡ ಇಟ್ಟುಕೊಂಡು ಬಗ್ಗಿದ. ಕೆಲವೇ ನಿಮಿಷದಲ್ಲಿ “ಟಕ್” ಎಂದಿತು.

ಬೀಗದವನು ಹೋದ ಮೇಲೆ ಹದಿನೈದು ವರ್ಷದ ನನ್ನ ಮಗ ಹೇಳಿದ: “ಅಪ್ಪ, ಸ್ಕೈರಿಮ್‌ನಲ್ಲಿ ನಾನು ಒಂದು ಸಾವಿರ ಬೀಗವಾದರೂ ತೆಗೆದಿದ್ದೇನೆ. ಒಬ್ಬರೂ ಹೀಗೆ ಕೇಳಲಿಲ್ಲ.”

ನಗುತ್ತಲೇ ಹೇಳಿದ ಮಾತು, ಆದರೆ ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಆ ವಾರವಿಡೀ ರಾತ್ರಿ ಊಟವಾದ ಮೇಲೆ ಅವನ ಪಕ್ಕ ಕುಳಿತು ನೋಡಿದೆ. ಸ್ವಲ್ಪ ಆಡಿಯೂ ನೋಡಿದೆ. ಕಡ್ಡಿ ಮುರಿದದ್ದೇ ಹೆಚ್ಚು.

ಗೊತ್ತಿಲ್ಲದ ಹಿರಿಯರಿಗಾಗಿ ಎರಡು ಮಾತು. ಇವು ರೋಲ್ ಪ್ಲೇಯಿಂಗ್ ಗೇಮುಗಳು. ಅಂದರೆ ಆಡುವವನು ಒಂದು ಪಾತ್ರ ವಹಿಸಿ, ಮಂತ್ರವಾದಿಗಳೂ ರಾಕ್ಷಸರೂ ಇರುವ ಕಲ್ಪನೆಯ ರಾಜ್ಯದಲ್ಲಿ ತಿಂಗಳುಗಟ್ಟಲೆ ಅಲೆಯುತ್ತಾನೆ. ದಾರಿಯಲ್ಲಿ ಬೀಗ ಹಾಕಿದ ಪೆಟ್ಟಿಗೆ, ಬಾಗಿಲುಗಳು ನೂರಾರು ಸಿಗುತ್ತವೆ. ಒಂದರ ಮುಂದೆ ನಿಂತರೆ ದೊಡ್ಡ ಆಟ ಪಕ್ಕಕ್ಕೆ ಸರಿದು, ಬೀಗ ತೆಗೆಯುವ ಸಣ್ಣ ಆಟವೊಂದು ಪರದೆಯ ಮೇಲೆ ಬರುತ್ತದೆ. ಇದಕ್ಕೆ ಮಿನಿಗೇಮ್ ಎನ್ನುತ್ತಾರೆ. ಆಡುವವರಲ್ಲಿ ಇದರ ಬಗ್ಗೆ ಇರುವಷ್ಟು ಜಗಳ ರಾಕ್ಷಸರ ಬಗ್ಗೆಯೂ ಇಲ್ಲ.

ಮೊದಲು ಹೀಗಿರಲಿಲ್ಲ. ಈ ಬಗೆಯ ಆಟಗಳ ತಾಯಿಬೇರು ಮೇಜಿನ ಸುತ್ತ ಕುಳಿತು ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅದರ 1975ರ ‘ಗ್ರೇಹಾಕ್’ ಎಂಬ ಪುರವಣಿಯಲ್ಲಿ ಕಳ್ಳನ ಪಾತ್ರ ಬಂತು. ಬೀಗ ತೆಗೆಯಲು ಅವನಿಗೆ ನೂರಕ್ಕೆ ಇಷ್ಟು ಅವಕಾಶ ಎಂದು ಕೋಷ್ಟಕದಲ್ಲಿ ಬರೆದಿತ್ತು. ದಾಳ ಉರುಳಿಸುವುದು, ನೋಡುವುದು, ಅಷ್ಟೆ. ನಮ್ಮ ಪಗಡೆಯ ಹಾಗೆ. ಕಂಪ್ಯೂಟರಿಗೆ ಬಂದ ಮೇಲೂ ಬಹಳ ಕಾಲ ಇದೇ ನಡೆಯಿತು. 2002ರ ‘ಮಾರೋವಿಂಡ್’ನಲ್ಲಿ ಕಡ್ಡಿ ಹಿಡಿದು ಗುಂಡಿ ಒತ್ತಿದರೆ ಯಂತ್ರವೇ ಒಳಗೆ ಲೆಕ್ಕ ಹಾಕಿ ಆಯಿತು, ಇಲ್ಲ ಎನ್ನುತ್ತಿತ್ತು. ಅದೇ ಬೆಥೆಸ್ಡಾ ಕಂಪನಿ 2006ರಲ್ಲಿ ‘ಆಬ್ಲಿವಿಯನ್’ ಹೊರತಂದಾಗ ಬೀಗವನ್ನು ಸೀಳಿ ಒಳಗಿನ ಟಂಬ್ಲರುಗಳನ್ನು ತೋರಿಸಿತು. ಟಂಬ್ಲರ್ ಎಂದರೆ ನಮ್ಮ ಕಾಫಿ ಲೋಟವಲ್ಲ, ಸ್ಪ್ರಿಂಗಿನ ಮೇಲೆ ನಿಂತ ಸಣ್ಣ ಗೂಟ. ಕಡ್ಡಿಯಿಂದ ಅದನ್ನು ಮೇಲಕ್ಕೆ ಚಿಮ್ಮಿ, ತುದಿ ಮುಟ್ಟಿದ ಕ್ಷಣದಲ್ಲಿ ಸಿಕ್ಕಿಸಬೇಕು. ತಪ್ಪಿದರೆ ಕಡ್ಡಿ ಮುರಿಯುತ್ತದೆ, ಸಿಕ್ಕಿಸಿದ್ದ ಗೂಟಗಳೂ ಉದುರಬಹುದು. 2011ರ ‘ಸ್ಕೈರಿಮ್’ನಲ್ಲಿ ಇದನ್ನು ಬದಲಿಸಿದರು. ಒಂದು ಕೈಯಿಂದ ಕಡ್ಡಿಯನ್ನು ಯಾವುದೋ ಗುಟ್ಟಾದ ಕೋನಕ್ಕೆ ತಂದು, ಇನ್ನೊಂದು ಕೈಯಿಂದ ಬೀಗ ತಿರುಗಿಸಬೇಕು. ಕೋನ ಸರಿಯಿದ್ದಷ್ಟು ಬೀಗ ತಿರುಗುತ್ತದೆ, ತಪ್ಪಿದ್ದರೆ ಕಡ್ಡಿ ನಡುಗಿ ಮುರಿಯುತ್ತದೆ.

ಆಡುವವರ ಅಭಿಪ್ರಾಯ ಕೇಳದೆ ವಿಮರ್ಶೆ ಬರೆಯುವುದು, ರುಚಿ ನೋಡದೆ ಉಪ್ಪು ಹಾಕಿದಂತೆ. ಒಂದು ಶನಿವಾರ ಕನ್ನಡ ತರಗತಿ ಮುಗಿದ ಮೇಲೆ ನಾಲ್ಕು ಜನ ಯುವಕ ಯುವತಿಯರನ್ನು ಮನೆಗೆ ಕರೆದೆ. ನನ್ನ ಹೆಂಡತಿ ಚುರುಮುರಿ ಮಾಡಿಕೊಟ್ಟಳು. ಖಾಲಿಯಾಗುವಷ್ಟರಲ್ಲಿ ನಾಲ್ಕು ಪಕ್ಷಗಳಾಗಿದ್ದವು.

ಮೊದಲನೆಯ ಪಕ್ಷ ನನ್ನ ಮಗನದು. ಅವನಿಗೆ ಸ್ಕೈರಿಮ್ ಬೀಗ ಬಹಳ ಇಷ್ಟ. “ಪರೀಕ್ಷೆಯ ತಲೆಬಿಸಿ ಇದ್ದಾಗ ಅದನ್ನು ತಿರುಗಿಸುತ್ತಾ ಕೂತರೆ ಮನಸ್ಸು ತಣ್ಣಗಾಗುತ್ತೆ ಅಂಕಲ್‌ಗೆ ಹೇಳಿದ್ರೆ ಅರ್ಥ ಆಗಲ್ಲ” ಎಂದು ತನ್ನ ಗೆಳೆಯನಿಗೆ ಹೇಳಿದ. ಆ ಅಂಕಲ್ ಅಂದರೆ ನಾನೇ, ಗೆಳೆಯನ ಲೆಕ್ಕದಲ್ಲಿ! ನನಗೆ ಅರ್ಥವಾಯಿತು. ನಮ್ಮಜ್ಜಿ ಬತ್ತಿ ಹೊಸೆಯುತ್ತಿದ್ದದ್ದೂ ಅದಕ್ಕೇ ಇರಬೇಕು.

ಎರಡನೆಯದು ರಜೆಗೆ ಬಂದಿದ್ದ ಇಂಜಿನಿಯರಿಂಗ್ ಓದುವ ಹುಡುಗಿಯದು. ಅವಳಿಗೆ ಆಬ್ಲಿವಿಯನ್ನೇ ಸೈ. ಗೂಟ ಕೆಲವು ಸಲ ವೇಗವಾಗಿ, ಕೆಲವು ಸಲ ನಿಧಾನವಾಗಿ ಬೀಳುತ್ತದೆ. ಅದನ್ನು ಕಣ್ಣಿಟ್ಟು, ಕಿವಿಗೊಟ್ಟು ಕಲಿತವರಿಗೆ ಎಷ್ಟು ಗಟ್ಟಿ ಬೀಗವೂ ಒಲಿಯುತ್ತದೆ. “ಇದು ಕಲಿತರೆ ಬರುವ ವಿದ್ಯೆ, ಸ್ಕೈರಿಮ್‌ನದು ಹುಡುಕಾಟ” ಎಂಬುದು ಅವಳ ವಾದ. 2025ರ ಏಪ್ರಿಲ್‌ನಲ್ಲಿ ಆಬ್ಲಿವಿಯನ್ ಹೊಸ ರೂಪದಲ್ಲಿ ಬಂದಾಗಲೂ ಈ ಬೀಗದಾಟವನ್ನು ಉಳಿಸಿಕೊಂಡದ್ದನ್ನು ಅವಳು ಗೆಲುವಿನಂತೆ ಹೇಳಿದಳು.

ಮೂರನೆಯವನು ಲೆಕ್ಕಪತ್ರದ ಕೆಲಸದಲ್ಲಿರುವ ತರುಣ. ಅವನಿಗೆ ಎರಡೂ ಬೇಡ. “ನನ್ನ ಪಾತ್ರ ಊರಿಗೇ ದೊಡ್ಡ ಕಳ್ಳ. ಅವನನ್ನು ಹಾಗೆ ಬೆಳೆಸಲು ನಲವತ್ತು ಗಂಟೆ ಸುರಿದಿದ್ದೇನೆ. ಈಗ ನನ್ನ ಬೆರಳು ದಪ್ಪ ಎಂದು ಅವನು ಬೀಗದ ಮುಂದೆ ಪೆದ್ದನಾಗಬೇಕೆ? ನಾನು ಕತ್ತಿ ಬೀಸಲಾರೆ ಎಂದು ಅವನ ಕತ್ತಿ ನಿಲ್ಲುತ್ತದೆಯೆ?” ಅವನ ಮೆಚ್ಚಿನದು ಲಾರಿಯನ್ ಕಂಪನಿಯ 2023ರ ‘ಬಾಲ್ಡರ್ಸ್ ಗೇಟ್ 3’. ಅಲ್ಲಿ ಇಪ್ಪತ್ತು ಮುಖದ ದಾಳವೊಂದು ಪರದೆಯ ಮೇಲೆಯೇ ಉರುಳುತ್ತದೆ, ಪಾತ್ರದ ಪರಿಣತಿ ಅದಕ್ಕೆ ಕೂಡುತ್ತದೆ. ಸೋತರೆ ಕಳ್ಳನ ಹತಾರವೊಂದು ಹಾಳು. 1975ರ ಪದ್ಧತಿಯೇ ಮರಳಿ ಬಂದಂತಾಯಿತು.

ನಾಲ್ಕನೆಯವನು ಅವನ ತಮ್ಮ. ಅವನು ಹಿಡಿದದ್ದು 2018ರ ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’ ಪಕ್ಷ. ಇದರಲ್ಲಿ ಮಾಯ ಮಂತ್ರ ಇಲ್ಲ. 1403ರ ಬೊಹೀಮಿಯಾದ ಕಥೆ, ಕಮ್ಮಾರನ ಮಗ ಹೆನ್ರಿ ನಾಯಕ. ಅವನಿಗೆ ಆರಂಭದಲ್ಲಿ ಓದು ಬರಹವೂ ಬರದು, ಬೀಗ ತೆಗೆಯುವುದೂ ಬರದು. ಒಂದು ಬಿಂದುವನ್ನು ಬೀಗದ ಮೇಲೆ ಸರಿಯಾದ ಜಾಗದಲ್ಲಿ ಹಿಡಿದುಕೊಂಡೇ ಇಡೀ ಬೀಗವನ್ನು ತಿರುಗಿಸಬೇಕು. ಕೈ ಒಂದಿಷ್ಟು ಜಾರಿದರೆ ಕಡ್ಡಿ ಸದ್ದು ಮಾಡಿ ಮುರಿಯುತ್ತದೆ. ಕಂಟ್ರೋಲರ್ ಹಿಡಿದು ಆಡುವವರು ಇದು ಅಸಾಧ್ಯವೆಂದು ಬೊಬ್ಬೆ ಹೊಡೆದು, ಕಡೆಗೆ ಕಂಪನಿಯವರೇ ಸುಲಭದ ಬಗೆಯೊಂದನ್ನು ಸೇರಿಸಬೇಕಾಯಿತು. “ಆದರೆ ಅಂಕಲ್, ಅಲ್ಲಿ ಹೊತ್ತು ನಿಲ್ಲುವುದಿಲ್ಲ. ನಾನು ಬೀಗದ ಜೊತೆ ಒದ್ದಾಡುತ್ತಿರುವಾಗ ಮನೆಯವನು ಎದ್ದು ಬರಬಹುದು. ಎದೆ ಡವಡವ ಅನ್ನುತ್ತೆ” ಎಂದ.

ಈಗ ನನ್ನ ತೀರ್ಪಿಗೆ ಬರುತ್ತೇನೆ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಬಹುದು.

ಕೈಚಳಕ ಯಾರದ್ದಿರಬೇಕು, ಆಡುವವನದೋ ಪಾತ್ರದ್ದೋ ಎಂಬ ಲೆಕ್ಕಪತ್ರದ ತರುಣನ ಪ್ರಶ್ನೆ ನಮಗೆ ಹೊಸದಲ್ಲ. ಕರಾವಳಿಯ ಸದಸ್ಯರನ್ನು ಕೇಳಿ. ತಾಳಮದ್ದಳೆಯಲ್ಲಿ ಕೃಷ್ಣನ ಅರ್ಥ ಹೇಳುವವನ ಮಾತಿನ ಜಾಣ್ಮೆ ಕೃಷ್ಣನದೋ ಅರ್ಥಧಾರಿಯದೋ? ಇಬ್ಬರದ್ದೂ ಹೌದು. ಪ್ರಸಂಗದ ಪದ್ಯ ದಾರಿ ಹಾಕಿಕೊಡುತ್ತದೆ, ಅರ್ಥಧಾರಿ ಅದರಲ್ಲಿ ತನ್ನ ವಿದ್ಯೆ ತೋರಿಸುತ್ತಾನೆ. ಒಳ್ಳೆಯ ಬೀಗದಾಟವೂ ಹೀಗೆಯೇ ನಡೆಯಬೇಕು. ಆಬ್ಲಿವಿಯನ್‌ನಲ್ಲಿ ಪಾತ್ರದ ಪರಿಣತಿ ಹೆಚ್ಚಿದಷ್ಟೂ ಕಡ್ಡಿ ಮುರಿದಾಗ ಉದುರುವ ಗೂಟಗಳು ಕಡಿಮೆ. ಬೇಡವೆನ್ನುವವರಿಗೆ, ಪಾತ್ರದ ಪರಿಣತಿಯ ಮೇಲೆ ಅದೃಷ್ಟ ನೋಡುವ ಗುಂಡಿಯೂ ಇದೆ. ಇಬ್ಬರಿಗೂ ಪಾಲು ಸಿಕ್ಕಿತು. ಕಿಂಗ್‌ಡಮ್ ಕಮ್‌ನಲ್ಲಿ ಹೆನ್ರಿ ಕಲಿಯದವನು, ಆಡುವವನೂ ಕಲಿಯದವನು. ಇಬ್ಬರ ಕೈಯೂ ಒಟ್ಟಿಗೇ ಪಳಗುತ್ತದೆ. ಈ ವಿಷಯದಲ್ಲಿ ಅದಕ್ಕೆ ಹೆಚ್ಚು ಅಂಕ ಕೊಡುತ್ತೇನೆ. ಸ್ಕೈರಿಮ್‌ನಲ್ಲಿ ಮಾತ್ರ ಅತಿ ಕಠಿಣವೆಂದು ಬರೆದ ಬೀಗಕ್ಕೂ ಮೊದಲ ದಿನದ ಅನನುಭವಿ ಕೈ ಹಾಕಬಹುದು. ಕಡ್ಡಿಗಳು ಸಾಕಷ್ಟಿದ್ದರೆ ತೆಗೆದೂ ಬಿಡಬಹುದು. ಹಾಗಾದರೆ ಪರಿಣತಿಗೆ ಬೆಲೆ ಎಲ್ಲಿ?

ನಿಜವಾದ ಬೀಗಕ್ಕೆ ಇವು ಎಷ್ಟು ಹತ್ತಿರ ಎಂದೂ ಕೇಳಬಹುದು. ನಮ್ಮ ಫ್ಲ್ಯಾಟ್ ಬಾಗಿಲಿನ ಬಗೆಯ, ಗೂಟದ ಸಾಲಿರುವ ಬೀಗಕ್ಕೆ ಈಗಿನ ರೂಪ ಕೊಟ್ಟವನು ಅಮೆರಿಕದ ಲೈನಸ್ ಯೇಲ್ ಎಂಬ ಮಗ, 1861ರ ಸುಮಾರಿಗೆ. ಅವನ ತಂದೆಯ ಹೆಸರೂ ಅದೇ, ಕಸುಬೂ ಅದೇ. ಆಬ್ಲಿವಿಯನ್ ಚಿತ್ರ ಇದನ್ನೇ ಹೋಲುತ್ತದೆ. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದ ಹೊತ್ತಿಗೆ ಹಾಬ್ಸ್ ಎಂಬ ಅಮೆರಿಕನ್ನನು, ಯಾರೂ ತೆಗೆಯಲಾರರು ಎಂದು ಸವಾಲು ಹಾಕಿದ್ದ ಬ್ರಾಮಾ ಬೀಗವನ್ನು ತೆಗೆದ. ಹಿಡಿದದ್ದು 16 ದಿನಗಳಲ್ಲಿ ಹಂಚಿ 51 ಗಂಟೆ. ಆಟದಲ್ಲಿ 51 ಸೆಕೆಂಡು ಹಿಡಿದರೆ ನನ್ನ ಮಗ ನಿಟ್ಟುಸಿರು ಬಿಡುತ್ತಾನೆ. ಇದನ್ನು ತಪ್ಪೆನ್ನುವುದಿಲ್ಲ. ನಾಟಕದ ಯುದ್ಧ ಹದಿನೆಂಟು ದಿನ ನಡೆಯಬೇಕೆಂದು ಯಾರೂ ಕೇಳುವುದಿಲ್ಲ.

ನನ್ನ ತಕರಾರು ಬೇರೆ. ಸ್ಕೈರಿಮ್, ಆಬ್ಲಿವಿಯನ್ ಎರಡರಲ್ಲೂ ಬೀಗದ ಪರದೆ ತೆರೆದ ಕೂಡಲೇ ಪ್ರಪಂಚ ಸ್ತಬ್ಧವಾಗುತ್ತದೆ. ಕಾವಲುಗಾರನ ಹೆಜ್ಜೆ ನಿಲ್ಲುತ್ತದೆ. ಮನೆ ಇಲ್ಲ, ಮನೆಯವರಿಲ್ಲ. ಅನ್ಯಾಯ ಮಾಡಬಾರದು, ಸ್ಕೈರಿಮ್‌ನಲ್ಲಿ ಬೇರೆಯವರ ಸೊತ್ತಿನ ಬೀಗವಾದರೆ ಅಕ್ಷರ ಕೆಂಪಾಗಿ ಎಚ್ಚರಿಸುತ್ತದೆ, ಯಾರಾದರೂ ಕಂಡರೆ ದಂಡವಿದೆ, ಕದ್ದ ಮಾಲನ್ನು ಕಳ್ಳಮಾಲು ಕೊಳ್ಳುವವನಿಗೇ ಮಾರಬೇಕು. ಆದರೆ ಕೆಂಪು ಅಕ್ಷರ ಓದಿ ಒಳಗೆ ಹೋದ ಮೇಲೆ ಉಳಿಯುವುದು ಬೀಗ ಮತ್ತು ಕಡ್ಡಿ ಮಾತ್ರ. ಕಾಡಿನ ಗುಹೆಯ ಪೆಟ್ಟಿಗೆಯೂ ಬಡ ರೈತನ ಅಡುಗೆಮನೆಯ ಬೀಗವೂ ಒಂದೇ ಚಿತ್ರ, ಒಂದೇ ಸದ್ದು. ಸಾವಿರ ಬೀಗ ತೆಗೆದ ಹುಡುಗನಿಗೆ ಅದರಲ್ಲಿ ಒಂದೂ ನೆನಪಿಲ್ಲದಿರಲು ಇದೇ ಕಾರಣ. ನಾನು ಕೇಳಿಯೇ ನೋಡಿದೆ, ಒಂದೂ ಹೇಳಲಾರದೆ ಹೋದ. ಕಿಂಗ್‌ಡಮ್ ಕಮ್ ಆಡಿದ ತಮ್ಮ ಮಾತ್ರ, ಯಾವ ಊರಿನ ಯಾವ ಮನೆಯಲ್ಲಿ ಸಿಕ್ಕಿಬಿದ್ದೆ ಎಂದು ಕೈ ತಿರುಗಿಸಿ ತಿರುಗಿಸಿ ಹೇಳಿದ.

ಇದೇನೂ ಹೊಸ ಕಂಪ್ಯೂಟರಿನಿಂದ ಬಂದ ಗುಣವೂ ಅಲ್ಲ. 1998ರಲ್ಲಿ ಬಂದ ‘ಥೀಫ್’ ಎಂಬ ಹೊಂಚು ಹಾಕುವ ಆಟದಲ್ಲಿ ಎರಡು ಬಗೆಯ ಕಡ್ಡಿ ಬಿಟ್ಟರೆ ಬೀಗದ ಪರದೆಯೇ ಇರಲಿಲ್ಲ. ಕಡ್ಡಿ ಹಿಡಿದು ಬಾಗಿಲ ಮುಂದೆ ನಿಂತಿರಬೇಕು, ಅತ್ತ ಕಾವಲುಗಾರನ ಹೆಜ್ಜೆ ಸಪ್ಪಳ ಹತ್ತಿರವಾಗುತ್ತಿರುತ್ತದೆ. ಚಮತ್ಕಾರ ಏನೂ ಇಲ್ಲ, ಆದರೂ ಬೆವರು ಬರುತ್ತದೆ. ಇನ್ನು 2015ರ ‘ವಿಚರ್ 3’ ಬೀಗದಾಟದ ಗೋಜಿಗೇ ಹೋಗಲಿಲ್ಲ. ಬೀಗ ಇದ್ದರೆ ಅದರ ಕೈ ಹುಡುಕಿಕೊಂಡು ಬಾ ಎನ್ನುತ್ತದೆ. ಬೇಸರದ ಮಿನಿಗೇಮಿಗಿಂತ ಇದು ವಾಸಿ.

ನಮ್ಮ ಹಿಂದಿನವರು ಕಳ್ಳತನದ ಕಲೆಯನ್ನು ಮಡಿವಂತಿಕೆಯಿಂದ ದೂರ ಇಟ್ಟವರಲ್ಲ. ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆ ಶಾಲೆಯಲ್ಲಿ ಓದಿದ್ದು ನಿಮಗೆ ನೆನಪಿರಬಹುದು. ಕದಿಯುವ ವಿದ್ಯೆ ಕಲಿತವನೂ, ಕಳ್ಳನನ್ನು ಹಿಡಿಯುವ ವಿದ್ಯೆ ಕಲಿತ ಯಮದಂಡನೂ ಬಾಲ್ಯದ ಗೆಳೆಯರು. ಒಬ್ಬನ ಜಾಣ್ಮೆ ಇನ್ನೊಬ್ಬನಿಗೆ ಒಡ್ಡಿದ ಸವಾಲು. ಶೂದ್ರಕನ ‘ಮೃಚ್ಛಕಟಿಕ’ದ ಮೂರನೆಯ ಅಂಕವಂತೂ ಇಡೀ ಮಿನಿಗೇಮೇ ಸರಿ. ಶರ್ವಿಲಕನೆಂಬ ಬ್ರಾಹ್ಮಣ ಕಳ್ಳ ರಾತ್ರಿ ಚಾರುದತ್ತನ ಗೋಡೆಗೆ ಕನ್ನ ಹಾಕುವ ಮುನ್ನ, ಅದರ ಆಕಾರ ಕಮಲದಂತಿರಲೋ ಪೂರ್ಣಕುಂಭದಂತಿರಲೋ ಎಂದು ಕಲಾವಿದನ ಹಾಗೆ ಯೋಚಿಸುತ್ತಾನೆ. ಅಳತೆಯ ದಾರ ಮರೆತು ಬಂದದ್ದರಿಂದ ಜನಿವಾರದಲ್ಲೇ ಅಳೆಯುತ್ತಾನೆ. ನಾವು ನಗುತ್ತೇವೆ, ಅವನ ಕೈಚಳಕಕ್ಕೆ ತಲೆದೂಗುತ್ತೇವೆ. ಆದರೆ ನಾಟಕ ಅಲ್ಲಿಗೆ ನಿಲ್ಲುವುದಿಲ್ಲ. ಕನ್ನ ಹಾಕಿದ್ದು ದಾನ ಮಾಡಿ ಬಡವನಾದವನ ಮನೆಗೆ. ಕದ್ದದ್ದು ಅವನ ಬಳಿ ನಂಬಿಕೆಯಿಂದ ಇಟ್ಟಿದ್ದ ವಸಂತಸೇನೆಯ ಒಡವೆ. ಯಾರ ಬಿಡುಗಡೆಗಾಗಿ ಶರ್ವಿಲಕ ಕದ್ದನೋ ಆ ಮದನಿಕೆಯೇ ಒಡವೆಯ ಗುರುತು ಹಿಡಿದು, ಇದು ಯಾರದ್ದೆಂದು ತಿಳಿಸಿ, ಹಿಂದಿರುಗಿಸುವಂತೆ ಮಾಡುತ್ತಾಳೆ. ಅಂದು ಮದನಿಕೆ ಎತ್ತಿದ ಪ್ರಶ್ನೆಯನ್ನೇ ನಮ್ಮ ಬಾಗಿಲ ಮುಂದೆ ಬಿಳಿ ಗಡ್ಡದ ಬೀಗದವನು ಕೇಳಿದ್ದು. ಹೊಸ ಆಟಗಳನ್ನು ಬರೆಯುವವರು ಗೂಟ, ಕೋನಗಳಿಗೆ ಪಡುವ ಶ್ರಮದಲ್ಲಿ ಕಾಲುಭಾಗವನ್ನು ಈ ಪ್ರಶ್ನೆಗೆ ಕೊಟ್ಟರೆ, ಬೇಸರ ಎಂದು ದೂರುವವರೂ ಕಡಿಮೆಯಾದಾರು.

ಸ್ಕೈರಿಮ್‌ನಲ್ಲಿ ಒಂದು ಕಡೆ ಮಾತ್ರ ಈ ಪ್ರಶ್ನೆ ಬಂದಿದೆ, ಅದನ್ನು ಹೇಳಲೇಬೇಕು. ಕಳ್ಳರ ಸಂಘದ ಕಥೆಯಲ್ಲಿ ‘ಸ್ಕೆಲಿಟನ್ ಕೀ’ ಎಂಬ, ಎಂದೂ ಮುರಿಯದ ಕಡ್ಡಿ ಸಿಗುತ್ತದೆ. ಅದು ನೊಕ್ಟರ್ನಲ್ ಎಂಬ ರಾತ್ರಿದೇವತೆಯದು. ಕಥೆ ಮುಗಿಯಬೇಕಾದರೆ ಅವಳ ಗುಡಿಗೆ ಹಿಂದಿರುಗಿಸಬೇಕು. ಆಡುವವರು ಬಹಳ ಜನ ಹಿಂದಿರುಗಿಸುವುದೇ ಇಲ್ಲ. ಕಥೆ ಅರ್ಧಕ್ಕೆ ನಿಂತರೂ ಚಿಂತೆಯಿಲ್ಲ, ಕಡ್ಡಿ ಇರಲಿ ಎನ್ನುತ್ತಾರೆ. ನನ್ನ ಮಗನೂ ಎರಡು ವರ್ಷದಿಂದ ಇಟ್ಟುಕೊಂಡಿದ್ದಾನೆ. “ಯಾವಾಗ ಕೊಡ್ತೀಯೋ?” ಎಂದರೆ, “ಎಲ್ಲಾ ಬೀಗ ಮುಗಿದ ಮೇಲೆ” ಎನ್ನುತ್ತಾನೆ. ಕಳ್ಳನಿಗೊಂದು ಪಿಳ್ಳೆ ನೆವ.

ತಂದೆತಾಯಂದಿರಲ್ಲಿ ನನ್ನದೊಂದು ವಿನಂತಿ. ಈ ಆಟಗಳು ಮಕ್ಕಳನ್ನು ಕಳ್ಳರನ್ನಾಗಿ ಮಾಡುತ್ತವೆ ಎಂದು ಹೆದರಬೇಕಿಲ್ಲ, ಚೌಕಾಬಾರ ಆಡಿ ಯಾರೂ ಜೂಜುಕೋರರಾಗಲಿಲ್ಲ. ಅರ್ಧ ಗಂಟೆ ಪಕ್ಕದಲ್ಲಿ ಕುಳಿತು ನೋಡಿ. “ಆಟ ನಿಲ್ಲಿಸು” ಎನ್ನುವ ಬದಲು “ಈ ಬಾಗಿಲು ಯಾರದ್ದು?” ಎಂದು ಕೇಳಿ. ಉತ್ತರ ಗೊತ್ತಿದ್ದರೆ ಆ ಆಟ ಚೆನ್ನಾಗಿದೆ ಎಂದು ಅರ್ಥ. ಗೊತ್ತಿಲ್ಲದಿದ್ದರೆ ಅಲ್ಲಿಂದ ಮಾತು ಶುರುವಾಗುತ್ತದೆ. ನಮ್ಮ ಮನೆಯಲ್ಲಿ ಹಾಗೆಯೇ ಆಯಿತು.

ಕನ್ನಡದಲ್ಲಿ ಬೀಗ ಎಂಬ ಮಾತಿಗೆ ಎರಡು ಅರ್ಥ. ಬಾಗಿಲಿಗೆ ಹಾಕುವುದೂ ಬೀಗ, ಮಗಳನ್ನು ಕೊಟ್ಟ ಮನೆಯ ಹಿರಿಯನೂ ಬೀಗ. ಎರಡನ್ನೂ ಬಲವಂತದಿಂದ ತೆರೆಯಲಾಗದು, ಸಮಯ ನೋಡಿ ಒಲಿಸಿಕೊಳ್ಳಬೇಕು ಎಂದು ನಮ್ಮ ತಂದೆ ಹೇಳುತ್ತಿದ್ದರು. ಅವರು ತೀರಿಕೊಂಡ ರಾತ್ರಿ ಸಿಕ್ಕಿದ ವಿಮಾನ ಹತ್ತಿ ಹೊರಟಾಗ, ಪಕ್ಕದ ಮನೆಯವರ ಕೈಗೆ ನಮ್ಮ ಬೀಗದ ಕೈ ಕೊಟ್ಟು, ಒಲೆ ಆರಿಸಿದ್ದೇನೋ ಇಲ್ಲವೋ ನೋಡಿ ಎಂದಷ್ಟೇ ಹೇಳಿದ್ದೆ. ಹದಿನೈದು ದಿನ ಬಿಟ್ಟು ಬಂದಾಗ ಮನೆ ಗುಡಿಸಿತ್ತು, ದೇವರ ಮುಂದೆ ದೀಪದ ಎಣ್ಣೆ ಹೊಸದಿತ್ತು. ಪರದೇಶದಲ್ಲಿ ನಾವೆಲ್ಲ ಬದುಕುತ್ತಿರುವುದು ಹೀಗೆ.

ಈಗ ಜುಲೈ ತಿಂಗಳು, ಅರ್ಧ ಕಟ್ಟಡ ಊರಿಗೆ ಹೋಗಿದೆ. ನಮ್ಮ ಬಾಗಿಲ ಹಿಂದಿನ ಮೊಳೆಯಲ್ಲಿ ಮೂರು ಮನೆಗಳ ಬೀಗದ ಕೈ ತೂಗುತ್ತಿವೆ. ಎರಡು ದಿನಕ್ಕೊಮ್ಮೆ ಸಂಜೆ ಮಗ ಅವನ್ನು ತೆಗೆದುಕೊಂಡು ಹೋಗಿ, ಮೂರು ಬಾಲ್ಕನಿಯ ತುಳಸಿಗೂ ಕರಿಬೇವಿಗೂ ನೀರು ಹಾಕಿ, ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ತಂದು ಅದೇ ಮೊಳೆಗೆ ಸಿಕ್ಕಿಸುತ್ತಾನೆ. ಆಮೇಲೆ ಸ್ಕೈರಿಮ್ ಹಾಕುತ್ತಾನೆ. ನೊಕ್ಟರ್ನಲ್ ದೇವಿಯ ಕಡ್ಡಿ ಇನ್ನೂ ಅವನ ಬಳಿಯೇ ಇದೆ. ನಾನೂ ಒತ್ತಾಯ ಮಾಡಿಲ್ಲ.